ಎಣ್ಣೆ ಮೈಯಲ್ಲಿ ಊರು ಸುತ್ತಿದ ಮಂತ್ರಿ

ತುಂಬುಗೆರೆ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ, ರಾಜನಿಗೊಬ್ಬ ಮಂತ್ರಿ, ಹೆಸರು ಗುಮ್ಮಣ್ಣ. ಬೆಂಕಿ ಆರಿಸೋಕೆ ಕೊಡದವರು, ಕೆರೆ ಏರಿ ಕಟ್ಟೋಕೆ ಗುದ್ದಲಿಯವರು, ನೆರೆಯಲ್ಲಿ ಜನರನ್ನು ದಾಟಿಸೋಕೆ ಹರಿಗೋಲಿನವರು, ಎಲ್ಲ ಇದ್ದರು. ಆದರೆ ಗುಮ್ಮಣ್ಣನದೊಂದು ಕಟ್ಟಪ್ಪಣೆ: "ಆಪತ್ತಿನ ಸುದ್ದಿ ನನ್ನೊಬ್ಬನ ಕಿವಿಗೇ ಬೀಳಬೇಕು. ಯಾರಿಗೆ ಹೇಳಬೇಕೋ ನಾನು ಹೇಳ್ತೀನಿ. ಮೀರಿದರೆ ಗಡೀಪಾರು!" ಯಾಕಪ್ಪಾ ಅಂದರೆ, ರಾಜನ ಮುಂದೆ "ನಾನೇ ಉಳಿಸಿದೆ" ಅಂತ ಮೀಸೆ ತಿರುವಬೇಕಲ್ಲ!

ಒಂದು ಸಲ ಬಣವೆಗೆ ಬೆಂಕಿ ಬಿತ್ತು. ಮಂತ್ರಿಗಳು ಊಟಕ್ಕೆ ಕೂತಿದ್ದರು. ಅವರು ಕೈ ತೊಳೆಯುವಷ್ಟರಲ್ಲಿ ಬಣವೆ ಬೂದಿ. ಇನ್ನೊಂದು ಸಲ ಹೊಳೆ ಉಕ್ಕಿತು. ಮಂತ್ರಿಗಳು ಮಲಗಿದ್ದರು. ಅವರು ಆಕಳಿಸಿ ಏಳುವಷ್ಟರಲ್ಲಿ ಹತ್ತು ದನ ಕೊಚ್ಚಿಹೋದವು. ಹರಿಗೋಲಿನವರು ಎಲೆ ಅಡಿಕೆ ಮೆಲ್ಲುತ್ತ ಕೂತೇ ಇದ್ದರು. ಪಾಪ, ಅವರಿಗೆ ಹೇಳಿದವರು ಯಾರು?

ಮೂರನೇ ಸಲ, ಕೆರೆ ಕಾಯುವ ನೀರಗಂಟಿ ಚೌಡವ್ವ ಬೆಳಿಗ್ಗೆ ಏರಿ ಮೇಲೆ ಹೋಗುತ್ತಿದ್ದಳು. ನೋಡುತ್ತಾಳೆ, ಏರಿ ಬಿರುಕು ಬಿಟ್ಟು ನೀರು ಜಿನುಗುತ್ತಿದೆ! ಕೆಳಗೇ ಅವಳ ಕೇರಿ, ತೊಟ್ಟಿಲಲ್ಲಿ ಮೊಮ್ಮಗಳು. ಮಂತ್ರಿ ಮನೆಗೆ ಓಡಿದಳು.

ಗುಮ್ಮಣ್ಣ ಲಂಗೋಟಿ ಕಟ್ಟಿ, ಮೈತುಂಬ ಹರಳೆಣ್ಣೆ ಬಳಿದುಕೊಂಡು ಕೂತಿದ್ದ.

"ಬುದ್ಧೀ, ಏರಿ ಬಿರುಕು ಬುಟ್ಟೈತೆ!"

"ಎಣ್ಣೆ ಇಳೀಲಿ, ಆಮೇಲೆ ನೋಡೋಣ."

"ಬುದ್ಧೀ, ಕೇರಿ ಮುಳುಗೋಯ್ತದೆ! ಗುದ್ದಲಿಯೋರ್ಗೆ ನಾನೇ ಹೇಳ್ಲಾ?"

"ಹೇಳಿ ನೋಡು. ಗಡೀಪಾರು!"

ಚೌಡವ್ವನಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಅವನ ಕಿವಿಯ ಹತ್ತಿರ ಬಗ್ಗಿದಳು. "ಅಂಗೇ ಆಗ್ಲಿ ಬುದ್ಧಿ. ನೀರು ನಿಮ್ಮ ಭತ್ತದ ಕಣಜದ ಕಡೀಗೇ ತಿರುಗೈತೆ. ಯಾರ್ಗೂ ಹೇಳಾಕಿಲ್ಲ, ನಿಮ್ಮಾಣೆ."

ಗುಮ್ಮಣ್ಣ ಎದ್ದ ನೋಡಿ! ಲಂಗೋಟಿಯಲ್ಲೇ ಬೀದಿಗೆ ಬಿದ್ದ. "ಅಯ್ಯಯ್ಯೋ, ಏರಿ ಒಡೀತಿದೆ! ಗುದ್ದಲಿ ತನ್ನಿ! ಹರಿಗೋಲು ತನ್ನಿ!" ನಾಲ್ಕು ಬೀದಿ ಸುತ್ತಿದ. ಹಿಡಿದು ನಿಲ್ಲಿಸೋಣ ಅಂದರೆ ಜಾರುತ್ತಾನೆ. ಗುದ್ದಲಿಯವರು ಓಡಿಬಂದರು, ಹರಿಗೋಲಿನವರು ಓಡಿಬಂದರು, ಇರಲಿ ಅಂತ ಕೊಡದವರೂ ಬಂದರು. ಹೊತ್ತು ನೆತ್ತಿಗೆ ಬರುವ ಮೊದಲೇ ಬಿರುಕು ಮುಚ್ಚಿತು.

ಗುಮ್ಮಣ್ಣ ರಾಜನಿಗೆ ದೂರಿದ: "ಪ್ರಭು, ಈಕೆ ಸುಳ್ಳಿ! ನೀರು ನನ್ನ ಕಣಜದ ಕಡೆ ತಿರುಗೇ ಇರಲಿಲ್ಲ!"

ಚೌಡವ್ವ ಕೈಮುಗಿದಳು. "ಏರಿ ಒಡೆದಿದ್ರೆ, ಮಂತ್ರಿ ಮನೆ ಯಾವ್ದು, ನಮ್ಮ ಗುಡಿಸ್ಲು ಯಾವ್ದು ಅಂತ ನೀರು ಕೇಳ್ಕಂಡು ಬತ್ತಿತ್ತಾ ದೊರೆ?"

ರಾಜನಿಗೆ ನಗು ತಡೆಯಲಾಗಲಿಲ್ಲ. ಅಂದೇ ಊರ ನಡುವೆ ಒಂದು ನಗಾರಿ ಇಡಿಸಿದ. ಹೇಗೆ ಬಾರಿಸಬೇಕು ಅಂತ ಪಂಡಿತರನ್ನು ಕೇಳಲಿಲ್ಲ, ಚೌಡವ್ವನನ್ನೇ ಕೇಳಿದ. ಬೆಂಕಿಗೆ ಒಂದು ಪೆಟ್ಟು, ನೀರಿಗೆ ಎರಡು. ಮೊದಲು ಕಂಡವರು ಬಾರಿಸಬೇಕು, ಎಲ್ಲರೂ ಓಡಿಬರಬೇಕು. ಗುಮ್ಮಣ್ಣನಿಗೂ ಕೆಲಸ ತಪ್ಪಲಿಲ್ಲ. ನಗಾರಿ ಕೇಳಿದ ಕೂಡಲೇ ಅವನು ನಾಲ್ಕು ಬೀದಿ ಓಡಿ ಸುದ್ದಿ ಸಾರಬೇಕು, ಮೈಮೇಲೆ ಏನಿದೆಯೋ ಅದರಲ್ಲೇ!

ಕೇಳಿದಿರಲ್ಲ ಮಕ್ಕಳೇ: ಆಪತ್ತಿನ ಸುದ್ದಿ ಒಬ್ಬನ ಕಿವಿಯಲ್ಲೇ ಕೂತರೆ ಊರು ಮುಳುಗುತ್ತದೆ, ಎಲ್ಲರ ಕಿವಿಗೂ ಬಿದ್ದರೆ ಊರು ಉಳಿಯುತ್ತದೆ.