ಪಂಕ ಎಳೆಯೋ ಕಿವುಡ

ನನ್ನ ಬಿಳಿ ಮೀಸೆ ಮೇಲಾಣೆ, ಹುಲ್ಲೇಗಾಲದ ಅರಮನೇಲಿ ಇದು ನಡೆದದ್ದೇ. ಸುಳ್ಳು ಅನ್ನೋನು ಈಗಲೇ ಎದ್ದೋಗ್ಲಿ. ನನ್ನಂಗೆ ಇದನ್ನ ಹೇಳೋನು ಇನ್ನೊಬ್ಬ ಹುಟ್ಟಿಲ್ಲ.

ಸಂತೆಬೀದೀಲಿ ಡಂಗುರ ಹೊಡೆದ್ರು. “ಕೇಳ್ರಪ್ಪೋ! ಅರಸರ ಮಗಳು ಮುದ್ದಮ್ಮಣ್ಣಿ ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದೋನಿಗೆ ಅಮ್ಮಣ್ಣೀನೂ ಉಂಟು, ಅರ್ಧ ಸೀಮೇನೂ ಉಂಟು. ತಪ್ಪಿದೋನಿಗೆ ಪಟ್ಟದಾನೆ ಕಾಲು!”

ಅದು ಕಿವಿಗೆ ಬಿದ್ದು ಸಿದ್ದಬೋರನ ಎದೆ ಧಸಕ್ಕಂತು. ಆದ್ರೆ ಮುಖದಲ್ಲಿ ತೋರಿಸೋ ಹಾಗಿಲ್ಲ. ಯಾಕಂದ್ರೆ ಅವನು ಊರಿಗೆಲ್ಲ ಕಿವುಡ.

ಆ ಅರಮನೇದು ಒಂದು ಕಟ್ಟಳೆ. ಸೂರಲ್ಲಿ ತೂಗೋ ದೊಡ್ಡ ಬಟ್ಟೆ ಬೀಸಣಿಗೆಗೆ ಪಂಕ ಅನ್ನೋರು. ಅದರ ಹಗ್ಗ ಗೋಡೆ ತೂತಿಂದ ಆಚೆ ಬರೋದು. ಆಚೆ ಕೂತೋನು ದಿನವಿಡೀ ಎಳೀಬೇಕು. ಒಳಗಿನ ಮಾತು ಹೊರಗೆ ಹೋಗಬಾರದು ಅಂತ ಆ ಕೆಲಸಕ್ಕೆ ಕಿವುಡರನ್ನೇ ಇಡೋರು. ಕಿವಿ ಇರೋನು ಮೋಸದಿಂದ ಕೂತರೆ ಅವನಿಗೂ ಆನೆ ಕಾಲೇ. ಸಿದ್ದಬೋರನಿಗೆ ಹೊಟ್ಟೆಪಾಡು. ಬೆನ್ನ ಹಿಂದೆ ಜಾಗಟೆ ಹೊಡೆದು ಪರೀಕ್ಷೆ ಮಾಡಿದ್ರೂ ಪುಣ್ಯಾತ್ಮ ರೆಪ್ಪೆ ಅಲ್ಲಾಡಿಸಲಿಲ್ಲ. ಅಮ್ಮಣ್ಣಿ ಕೋಣೆ ಪಂಕ ಎಳೆಯೋ ಕೆಲಸ ಸಿಕ್ತು.

ಒಳಗೆ ಒಬ್ಬಳು ಮಿಸ್ಸಮ್ಮ ಅಮ್ಮಣ್ಣಿಗೆ ಇಂಗ್ಲಿಷು ಹೇಳಿಕೊಡೋಳು. ಇ, ಎ, ಆರ್, ಈ ಮೂರಕ್ಷರ ಒಟ್ಟಿಗೆ ಬರೋ ಮಾತನ್ನೆಲ್ಲ ಒಂದೇ ಸಾಲಲ್ಲಿ ಕೂರಿಸಿ ಪಾಠ. “ಪರ್ಲ್ ಅಂದ್ರೆ ಮುತ್ತು. ಬೇರ್ ಅಂದ್ರೆ ಕರಡಿ. ಹಾರ್ಟ್ ಅಂದ್ರೆ ಹೃದಯ.”

“ಅಕ್ಷರ ಅವೇ ಇದ್ರೂ ಬಾಯಿಗೆ ಬಂದಾಗ ಯಾಕೆ ಬೇರೆಬೇರೆ, ಮಿಸ್ಸಮ್ಮ?” ಅಂತ ಅಮ್ಮಣ್ಣಿ ನಗೋಳು. ಆ ದನಿಗೆ ಸಿದ್ದಬೋರ ಆಚೆ ಕಣ್ಣು ಮುಚ್ಚೋನು. ಮುಖ ಕಂಡೋನಲ್ಲ, ದನಿಗೇ ಮನಸು ಕೊಟ್ಟುಬಿಟ್ಟಿದ್ದ.

ಮಿಸ್ಸಮ್ಮ ಅವಳ ಸೀಮೆಗೆ ಹೊರಟುಹೋದ್ಲು. ತಾಯಿಲ್ಲದ ಅಮ್ಮಣ್ಣಿ ಒಬ್ಬಳೇ ಗೋಡೆ ಜೊತೆ ಮಾತಾಡೋಳು, ಬಿಕ್ಕೋಳು. ಆಗ ಇವನು ಹಗ್ಗಾನ ತೊಟ್ಟಿಲು ತೂಗಿದಂಗೆ ಮೆತ್ತಗೆ ಎಳೆಯೋನು. ಸಮಾಧಾನ ಹೇಳಕ್ಕೆ ಅವನ ಹತ್ರ ಇದ್ದದ್ದು ಆ ಗಾಳಿ ಒಂದೇ.

ಸಭೆ ಸೇರ್ತು. ಅವತ್ತು ಸಭೆ ಪಂಕ ಎಳೆಯಕ್ಕೂ ಸಿದ್ದಬೋರನೇ. ಪರದೆ ಹಿಂದಿಂದ ಅಮ್ಮಣ್ಣಿ ಅಂದ್ಲು: “ಮೂರೂ ಉತ್ತರ ಇಂಗ್ಲಿಷು ಮಾತು, ಇ, ಎ, ಆರ್ ಒಟ್ಟಿಗೆ ಬರೋವು. ಮೊದಲನೇದು, ಉಪ್ಪುನೀರಲ್ಲಿ ಹುಟ್ಟಿ ದುಂಡಗೆ ಹೊಳೀತದೆ. ರಾಣಿ ಹತ್ರಾನೂ ಉಂಟು, ಕೂಲಿಯವಳ ಹತ್ರಾನೂ ಉಂಟು. ಎರಡನೇದು, ಬಾಗಿಲು ಹಾಕಿದ್ರೂ ನಿಲ್ಲೋದಿಲ್ಲ. ಬಂದದ್ದು ಹೋಗೋವಾಗ ನಮ್ಮದೊಂದಿಷ್ಟು ಹೊತ್ಕೊಂಡೇ ಹೋಗ್ತದೆ. ಮೂರನೇದು, ಗೋಡೆಯಾಚೆ ಇದ್ರೂ ನನ್ನ ಕೋಣೇಲೇ ಇತ್ತು. ನಾನು ಕೊಟ್ಟದ್ದೆಲ್ಲ ತಗೊಂಡು ಯಾರಿಗೂ ಕೊಡಲಿಲ್ಲ.”

ಆಚೆ ಸಿದ್ದಬೋರನಿಗೆ ಮೂರನೇದು ಹೊಳೀತು. ಅಯ್ಯೋ ಶಿವನೇ, ಇವಳಿಗೆ ಗೊತ್ತು! ಸುಮ್ಮನೆ ಕೂತರೆ ಜೀವ ಉಳೀತದೆ, ಅಮ್ಮಣ್ಣಿ ಇನ್ನೊಬ್ಬನ ಪಾಲಾಗ್ತಾಳೆ. ಬಾಯಿ ಬಿಟ್ಟರೆ ಆನೆ.

ಜಮೀನ್ದಾರನ ಮಗ ಕಂಠೀರಾಜ ಎದ್ದ. “ಮೊದಲನೇದು ಪರ್ಲ್! ಮುತ್ತು!”

“ಯಾವ ಕೂಲಿಯವಳು ಮುತ್ತು ಹಾಕ್ಕೊಂಡಿದ್ದನ್ನ ಕಂಡಿರಿ ನೀವು?” ಅಂದ್ಲು ಅಮ್ಮಣ್ಣಿ. ಭಟರು ಅವನನ್ನ ಕತ್ತಲೆಕೋಣೆಗೆ ಎಳಕೊಂಡು ಹೋದ್ರು.

ಅಮಲ್ದಾರನ ಸೋದರಳಿಯ ನರಸರಾಜ ಮೊದಲನೇದಕ್ಕೆ ಟಿಯರ್, ಕಣ್ಣೀರು ಅಂದ. ಸರಿಹೋಯ್ತು. ಎರಡನೇದಕ್ಕೆ ಮೀಸೆ ತಿರುವಿ “ಬೇರ್, ಕರಡಿ!” ಅಂದ. “ಬಾಗಿಲು ಮುರಿದು ನಮ್ಮನೆ ಹಲಸಿನಹಣ್ಣು ಹೊತ್ಕೊಂಡು ಹೋಗಿತ್ತು!” ಸಭೆಯೆಲ್ಲ ಬಿದ್ದುಬಿದ್ದು ನಕ್ತು. ಅವನೂ ಹೋದ.

ಕೊನೇಗೆ ಮದರಾಸಿಂದ ಬಂದ ಬ್ಯಾರಿಸ್ಟರು. “ಕಣ್ಣೀರು. ಯಿಯರ್, ಅಂದ್ರೆ ವರ್ಷ.” ಎರಡೂ ಸರಿ! ಆಚೆ ಸಿದ್ದಬೋರ ಗೋಡೆ ತೂತಿಗೆ ಕಿವಿ ಇಟ್ಟ. “ಮೂರನೇದು ಹಾರ್ಟ್. ನಿಮ್ಮನ್ನ ಬಯಸೋ ನನ್ನ ಹೃದಯ.”

“ಅಲ್ಲ,” ಅಂದ್ಲು ಅಮ್ಮಣ್ಣಿ. “ಇನ್ಯಾರೂ ಇಲ್ವಾ?”

ಸೂರಲ್ಲಿ ಪಂಕ ನಿಂತುಹೋಯ್ತು. ಎಲ್ಲರೂ ತಲೆ ಎತ್ತೋದರೊಳಗೆ ಸಿದ್ದಬೋರ ಒಳಗೆ ಬಂದು ನಿಂತಿದ್ದ.

“ಅದು ಕಿವಿ, ಮಹಾಸ್ವಾಮಿ. ಇಯರ್. ಆ ಕಿವಿ ನಂದೇ.”

“ನಿನಗೆ ಕೇಳ್ತದೇನೋ, ಕಳ್ಳ ನನ್ಮಗನೇ!” ಅರಸರು ಎದ್ದೇಬಿಟ್ರು.

“ಎಲ್ಲಾ ಕೇಳಿದೀನಿ ಬುದ್ದಿ. ಮಿಸ್ಸಮ್ಮ ಹೋದಾಗ ಅಮ್ಮಣ್ಣಿ ಕಣ್ಣೀರಿಟ್ಟಿದ್ದು ಕೇಳಿದೀನಿ. ಯುಗಾದಿ ಬಂದಾಗೆಲ್ಲ ‘ನನ್ನ ಇನ್ನೊಂದು ವರ್ಷ ಹೋಯ್ತು’ ಅನ್ನೋದು ಕೇಳಿದೀನಿ. ಕರೀರಿ ಆನೇನ.”

ಪರದೆ ಸರೀತು. “ಅಪ್ಪಾಜಿ,” ಅಂದ್ಲು ಅಮ್ಮಣ್ಣಿ, “ಮಾತು ಹೊರಗೆ ಹೋಗಬಾರದು ಅಂತ ತಾನೇ ಕಿವುಡನ್ನ ಇಟ್ಟಿದ್ದು? ನನ್ನದು ಒಂದು ಮಾತಾದ್ರೂ ಹೊರಗೆ ಹೋಯ್ತಾ? ನಾನು ಅತ್ತಾಗ ಗಾಳಿ ಮೆತ್ತಗಾಗೋದು. ಅವತ್ತೇ ಗೊತ್ತಾಯ್ತು, ಆಚೆ ಯಾರೋ ನನ್ನೋರು ಇದಾರೆ ಅಂತ. ಆ ಗಾಳಿಗೋಸ್ಕರಾನೇ ಡಂಗುರ ಹೊಡೆಸಿದ್ದು.”

ಅರಸರು ಮೀಸೆ ಕಚ್ಕೊಂಡು ಮತ್ತೆ ಕೂತ್ರು. ಆಮೇಲೆ “ಕೊಟ್ಟ ಮಾತು ಕೊಟ್ಟಾಯ್ತು,” ಅಂದ್ರು.

ಸಿದ್ದಬೋರನಿಗೆ ತಲೆ ಎತ್ತಕ್ಕೆ ಧೈರ್ಯ ಸಾಲದು. ನೆಲ ನೋಡ್ತಾ ನಿಂತಿದ್ದ. ಅವಳ ಕಾಲ್ಗೆಜ್ಜೆ ಹತ್ರ ಬಂದು ನಿಂತ್ವು.

“ಇಷ್ಟು ವರ್ಷ ನಾನೊಬ್ಬಳೇ ಮಾತಾಡಿದೆ,” ಅಂದ್ಲು. “ಈಗ ನೀನು ಮಾತಾಡು. ನಾನು ಕೇಳ್ತೀನಿ.”

ಮದುವೆ ಆಯ್ತು, ಅರ್ಧ ಸೀಮೆ ಬಂತು. ಆನೆ ಕಾಡಿಗೆ ಮೇಯಕ್ಕೆ ಹೋಗಿದ್ದರಿಂದ ಕತ್ತಲೆಕೋಣೇಲಿದ್ದ ಮೂವರೂ ಬದುಕಿದ್ರು. ಅಮ್ಮಣ್ಣಿ ಹೇಳಿ ಬಿಡಿಸಿದ್ಲು, ಉಂಡು ಹೋದ್ರು. ಎಲ್ಲರಿಗೂ ಒಳ್ಳೇದಾಯ್ತು, ನನ್ನೊಬ್ಬನ್ನ ಬಿಟ್ಟು. ಆ ಬ್ಯಾರಿಸ್ಟರ್ ನನ್ಮಗನ ಮೇಲೆ ಬಾಜಿ ಕಟ್ಟಿ ನಾನು ಕಳಕೊಂಡದ್ದು ಹನ್ನೊಂದು ರೂಪಾಯಿ ಆರಾಣೆ.