ಗುಮಾನಿಗುಡ್ಡದ ಅರವಟ್ಟಿಗೆ

ಚಳ್ಳಕೆರೆ ದಾಟಿ ಬಳ್ಳಾರಿಯ ದಿಕ್ಕಿಗೆ ಹೊರಟವರಿಗೆ, ಶೇಂಗಾದ ಹೊಲಗಳು ಮುಗಿದು ಹುಲ್ಲಿನ ಕಾವಲು ಶುರುವಾಗುವಲ್ಲಿ, ರಸ್ತೆಯ ಎಡಕ್ಕೆ ಒಂದು ಬೋಳು ಗುಡ್ಡ ಕಾಣುತ್ತದೆ. ಅದನ್ನು ಗುಡ್ಡ ಎನ್ನುವುದು ನಮ್ಮ ಸೀಮೆಯವರ ಧಾರಾಳತನ. ಬೇರೆ ಕಡೆಯವರು ದಿಬ್ಬ ಎಂದಾರು. ಅದರ ಬುಡದಲ್ಲಿ ಬೋರೇದೇವರ ಗುಡಿ, ಗುಡಿಯ ಮಗ್ಗುಲಲ್ಲಿ ದಾರಿಹೋಕರಿಗೆ ನೀರು ಕೊಡುವ ಒಂದು ಅರವಟ್ಟಿಗೆ. ಅರವಟ್ಟಿಗೆಯ ಸೂರು ಮಾತ್ರ ಬೇರೆಲ್ಲೂ ಕಾಣದಂಥದ್ದು. ಕಲ್ಲುಕಂಬಗಳ ಮೇಲೆ ಹಳೆಯ ಮೋಟಾರು ಗಾಡಿಯೊಂದರ ಅಗಲವಾದ ಬಾನೆಟ್ಟನ್ನು ಹೊದಿಸಿದ್ದಾರೆ. ಒಂದು ಕಾಲಕ್ಕೆ ಅದು ಕೆಂಪಗಿತ್ತಂತೆ; ಈಗ ಬಣ್ಣ ಯಾವುದು, ತುಕ್ಕು ಯಾವುದು ಎಂದು ಹೇಳುವುದು ಕಷ್ಟ. ಅದರ ಸುತ್ತ ಅರಿಶಿನದ ದಾರದ ತುಂಡೊಂದು ಜೋತು ಬಿದ್ದಿರುತ್ತದೆ. ಹೋಗುವ ಬರುವ ಲಾರಿಯವರು ಇಲ್ಲಿ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿಸಿಕೊಳ್ಳುತ್ತಾರೆ. ರಸ್ತೆಯ ಫಲಕದಲ್ಲಿ ಬೋರೇದೇವರ ಗುಡ್ಡ ಎಂದು ಬರೆದಿದ್ದರೂ ಯಾವ ಕಂಡಕ್ಟರೂ ಆ ಹೆಸರು ಹೇಳಿ ಸೀಟಿ ಊದಿದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅದು ಗುಮಾನಿಗುಡ್ಡ.

ಈ ಹೆಸರಿಗೆ ಕಾರಣ ಹೇಳುವವರು ಬಹಳ. ಪಾಳೆಯಗಾರರ ಬೇಹಿನವರು ಇದರ ಮೇಲೆ ಕೂತು ದಾರಿ ನೋಡುತ್ತಿದ್ದರು ಎಂದು ಶಾಲೆಯ ಮಕ್ಕಳಿಗೆ ಕಲಿಸುತ್ತಾರೆ. ಇದಕ್ಕೆ ಎಳ್ಳಷ್ಟೂ ಆಧಾರವಿಲ್ಲ. ನಮ್ಮವರಿಗೆ ಯಾವ ಕಲ್ಲನ್ನು ಕಂಡರೂ ಅದಕ್ಕೊಬ್ಬ ಪಾಳೆಯಗಾರನನ್ನು ಕಟ್ಟದೆ ಸಮಾಧಾನವಿಲ್ಲ. ನಾನು ಯಾರ ಮಾತನ್ನೂ ಸುಲಭಕ್ಕೆ ನಂಬುವವನಲ್ಲ, ಗುಡಿಯ ಪೂಜಾರಿಗಳನ್ನಂತೂ ಇನ್ನೂ ಕಡಿಮೆ. ಆದರೆ ಪೂಜಾರಿ ಗಾದ್ರಯ್ಯನ ಮನೆಯವರು ಹೇಳುವುದಕ್ಕೂ, ಅವರ ಮುಖ ನೋಡದ ಎಣ್ಣೆ ಗಿರಣಿಯ ಶೆಟ್ಟರ ಮನೆಯವರು ಹೇಳುವುದಕ್ಕೂ ತಾಳೆ ಬಿದ್ದಿರುವುದರಿಂದ ಮುಂದಿನ ಕತೆಯನ್ನು ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಎಂದರೆ ಎಂಟು ಸಿಲಿಂಡರಿನ ಅಮೆರಿಕದ ಗಾಡಿಗಳು ಮದ್ರಾಸಿನ ಹರಾಜಿನಲ್ಲಿ ಕೈ ಬದಲಿಸಿ ನಮ್ಮ ಎಣ್ಣೆ ಗಿರಣಿಗಳ ಅಂಗಳಕ್ಕೆ ಬಂದು ನಿಲ್ಲುತ್ತಿದ್ದ ಕಾಲದಲ್ಲಿ, ಈ ಗುಡ್ಡಕ್ಕೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಗುಡ್ಡದ ಬುಡದಿಂದ ಕಾವಲಿನ ಆ ತುದಿಯ ಒಂಟಿ ಹುಣಸೆಮರದವರೆಗೆ ರಸ್ತೆ ಒಂದು ಕಡೆಯೂ ಬಾಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಗಿರಣಿಯ ಸಾಹುಕಾರರ ಮಕ್ಕಳು, ಟ್ಯಾಕ್ಸಿಯವರು, ಹತ್ತಿ ವ್ಯಾಪಾರದವರು ಇಲ್ಲಿ ಸೇರಿ ಪಂದ್ಯ ಕಟ್ಟುತ್ತಿದ್ದರು. ಹುಣಸೆಮರ ಸುತ್ತಿ ಮೊದಲು ಗುಡಿಗೆ ಮರಳಿದವನು ಗೆದ್ದ. ಪಣಕ್ಕೆ ಇಡುತ್ತಿದ್ದುದು ಗಾಡಿಯನ್ನೇ. ಸೋತವನು ಬೀಗದ ಕೈಯನ್ನು ಗುಡಿಯ ಹೊಸ್ತಿಲ ಮೇಲಿಟ್ಟು, ಬಸ್ಸು ಹತ್ತಿ ಮನೆಗೆ ಹೋಗಬೇಕಿತ್ತು. ಪಣ ಅಷ್ಟು ದೊಡ್ಡದಾದ ಮೇಲೆ ಮೋಸ ಬರದಿದ್ದೀತೆ? ಒಬ್ಬನ ಪೆಟ್ರೋಲಿಗೆ ಸಕ್ಕರೆ ಬಿತ್ತು. ಇನ್ನೊಬ್ಬನ ಚಕ್ರದ ನಟ್ಟುಗಳು ಸಡಿಲಾದವು. ಎಲ್ಲರೂ ತಂತಮ್ಮ ಗಾಡಿಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ಜಗಳ ಹೆಚ್ಚಾದಾಗ ಪೂಜಾರಿ ಗಾದ್ರಯ್ಯ ಒಂದು ಕಟ್ಟಳೆ ಮಾಡಿದ. ಪಂದ್ಯದ ದಿನ ಬೆಳಗಾಗುತ್ತಲೇ ಎರಡೂ ಗಾಡಿಗಳು ಗುಡಿಯ ಮುಂದೆ ಬಂದು ನಿಲ್ಲಬೇಕು. ಬಾನೆಟ್ ಎತ್ತಿದರೆ ಹರಿಯುವಂತೆ ಅವನು ಅದರ ಸುತ್ತ ಅರಿಶಿನದ ದಾರದ ಕಂಕಣ ಕಟ್ಟುವನು. ಪಂದ್ಯ ಮುಗಿಯುವ ಮುಂಚೆ ಯಾರ ಕಂಕಣ ಹರಿದರೂ ಅವನ ಗಾಡಿ ಹೋಯಿತು. ಎದುರಾಳಿ ಒಪ್ಪಿದರೆ ಮಾತ್ರ ಬಿಚ್ಚಬಹುದು. ಮದುವೆಯಲ್ಲಿ ಭರವಸೆಗೆ ಕಟ್ಟುವ ಕಂಕಣವನ್ನು ಇಲ್ಲಿ ಗುಮಾನಿಗೆ ಕಟ್ಟಿದರು.

ಕೊನೆಯ ಪಂದ್ಯ ನಡೆದದ್ದು ಟ್ಯಾಕ್ಸಿಯ ಓಬಳೇಶಿಗೂ ಎಣ್ಣೆ ಗಿರಣಿಯ ವಿಠ್ಠಲಶೆಟ್ಟಿಗೂ. ಓಬಳೇಶಿಯದು ಕರಿ ಷೆವರ್ಲೆ. ಮಿಲಿಟರಿಯವರು ವಿಲೇವಾರಿ ಮಾಡಿದ ಸಾಮಾನುಗಳನ್ನು ಎಲ್ಲೆಲ್ಲಿಂದಲೋ ತಂದು ತಾನೇ ಜೋಡಿಸಿದ ಗಾಡಿ. ಶೆಟ್ಟಿಯದು ಕೆಂಪು ಡಾಜ್. ಹಿಂದಿನ ಸುಗ್ಗಿಯಲ್ಲಿ ಓಬಳೇಶಿ ಅವನನ್ನು ಸೋಲಿಸಿದ್ದ. ಗಿರವಿಯ ಬಂಗಾರದಂತೆ ಅಂದು ಬಿಟ್ಟುಕೊಟ್ಟ ಗಾಡಿಯ ಸಂಕಟ ಆರದೆ, ಶೆಟ್ಟಿ ಈ ಡಾಜನ್ನು ತರಿಸಿದ್ದಲ್ಲದೆ, ತನ್ನ ಹಳೆಯ ಗಾಡಿಯ ಕಾರ್ಬುರೇಟರಿಗೆ ಓಬಳೇಶಿಯೇ ಕೈ ಹಾಕಿಸಿದ್ದ ಎಂದು ಸಂತೆಯಲ್ಲಿ ನಿಂತು ಹೇಳಿದ. ಅದು ಸುಳ್ಳು. ಆದರೂ ಆ ಮಾತು ಊರೂರು ಸುತ್ತಿತು. ಹೆರಿಗೆಗೆ, ಆಸ್ಪತ್ರೆಗೆ ಓಬಳೇಶಿಯನ್ನೇ ಕರೆಯುತ್ತಿದ್ದ ಮನೆಗಳವರು ಅವನ ಗಾಡಿ ಕಂಡರೆ ಮುಖ ತಿರುಗಿಸಿದರು. ಅವನು ಉರಿದುಹೋದ. ಗಿರಣಿಯ ಬಾಗಿಲಿಗೇ ಹೋಗಿ ಪಣ ಕಟ್ಟಿದ. ತಾನು ಸೋತರೆ ಷೆವರ್ಲೆ ಬಿಟ್ಟು ಕೊಡುವುದು. ಗೆದ್ದರೆ ಡಾಜ್ ತನ್ನದು, ಜೊತೆಗೆ ಗುಡಿಯ ಮುಂದೆ ಎಲ್ಲರ ಎದುರು ಶೆಟ್ಟಿ ತನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು. ಡಾಜ್ ಬೇಕಾಗಿದ್ದದ್ದು ಯಾರಿಗೆ? ಅವನಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ಪಂದ್ಯದ ದಿನ ಬೆಳಿಗ್ಗೆಯೇ ಕಂಕಣ ಕಟ್ಟಿ ಆಯಿತು. ಆದರೆ ಓಟ ಶುರುವಾಗಲಿಲ್ಲ. ಶೆಟ್ಟಿ ಆಳುಗಳನ್ನು ಕಳಿಸಿ ರಸ್ತೆಯಲ್ಲಿ ಮೊಳೆ ಹುಡುಕಿಸಿದ. ಅವರು ಹುಡುಕುವ ನೆವದಲ್ಲಿ ಮೊಳೆ ಚೆಲ್ಲಿದರೋ ಏನೋ ಎಂದು ಓಬಳೇಶಿಯ ಕಡೆಯವರು ಮತ್ತೆ ಹುಡುಕಿದರು. ಬಿಸಿಲು ನೆತ್ತಿಗೆ ಬಂತು. ಆಗ ಶೆಟ್ಟಿ ಓಬಳೇಶಿಯ ಹತ್ತಿರ ಬಂದು, "ನನ್ ಗಾಡಿ ರೇಡಿಯೇಟರು ಒಂಚೂರು ಸೋರ್ತೈತೆ. ಕಂಕಣ ಬಿಚ್ಚಿ ನೀರು ಹಾಕ್ಕಂತೀನಿ, ಒಪ್ಪು" ಎಂದ. ಓಬಳೇಶಿ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀರೇ ಹಾಕ್ತೀಯ ಅಂತ ನಂಗೇನು ಗೊತ್ತು? ಬ್ಯಾಡ" ಎಂದುಬಿಟ್ಟ. ಟ್ಯಾಕ್ಸಿಯವನಾದ ಅವನಿಗೆ ಆ ಬಿಸಿಲಿನಲ್ಲಿ ನೀರಿಲ್ಲದ ಎಂಜಿನ್ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಶೆಟ್ಟಿ ಏನು ಹೇಳಿದರೂ ಅದರೊಳಗೆ ಇನ್ನೊಂದಿದೆ ಎಂದೇ ಅವನಿಗೆ ಕಾಣುತ್ತಿತ್ತು. ಹಾಗೆ ಹೇಳಿದ ಮೇಲೆ ತನ್ನ ಗಾಡಿಗೂ ನೀರು ಕೇಳುವ ಬಾಯಿ ಅವನಿಗೆ ಉಳಿಯಲಿಲ್ಲ. ಡಿಕ್ಕಿಯಲ್ಲಿ ನೀರಿನ ಡಬ್ಬ ತುಂಬಿತ್ತು. ಅದನ್ನು ಹಾಗೆಯೇ ಇಟ್ಟುಕೊಂಡು ಹೊರಟ.

ಹುಣಸೆಮರದವರೆಗೆ ಡಾಜ್ ಮುಂದಿತ್ತು ಎನ್ನುತ್ತಾರೆ. ಮರ ಸುತ್ತಿ ಮರಳುವಾಗ ಅದು ರಸ್ತೆಯ ಪಕ್ಕ ನಿಂತಿರುವುದು ಓಬಳೇಶಿಗೆ ಕಂಡಿತು. ಕಂಕಣ ಹರಿದು, ಬಾನೆಟ್ ಮೇಲೆದ್ದು ಹಬೆ ಏಳುತ್ತಿತ್ತು. ಶೆಟ್ಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೆ ಕುಕ್ಕರಿಸಿದ್ದ. ಗಾಡಿಯ ಸದ್ದು ಕೇಳಿ ಒಂದು ಕೈಯನ್ನು ಎತ್ತಿದ. ಓಬಳೇಶಿ ವೇಗ ತಗ್ಗಿಸಿದ್ದು ನಿಜ. ಆದರೆ ಇಳಿದರೆ, ಇವನೇ ನನ್ನ ಕಂಕಣ ಹರಿದ ಎಂದು ತನ್ನ ಮೇಲೆ ಹೇಳಲು ಶೆಟ್ಟಿ ಕಾದು ಕೂತಿದ್ದಾನೆ ಎಂದು ಅವನಿಗೆ ಅನ್ನಿಸಿತು. ನಿಲ್ಲಿಸದೆ ಮುಂದೆ ಹೋದ. ಗುಡಿಯ ಮುಂದೆ ಜನ ಕೇಕೆ ಹಾಕಿದರು. ಶೆಟ್ಟಿ ಎಲ್ಲಿ ಎಂದು ಗಾದ್ರಯ್ಯ ಕೇಳಿದ್ದಕ್ಕೆ ಓಬಳೇಶಿ, "ಸೋತಿದ್ಕೆ ನಾಟಕ ಆಡ್ಕಂಡು ಕೂತವ್ನೆ" ಎಂದ. ಎಲ್ಲರೂ ನಕ್ಕರು, ಎಲ್ಲರೂ ನಂಬಿದರು. ಶೆಟ್ಟಿಯ ಕಡೆಯವರೂ ಮೂಗು ಮುರಿದು ಸುಮ್ಮನಾದರು. ನೋಡಿಕೊಂಡು ಬರಲು ಒಬ್ಬನೂ ಹೋಗಲಿಲ್ಲ. ನಮ್ಮ ಸೀಮೆಯ ಬಗ್ಗೆ ನನಗೆ ಸಿಟ್ಟು ಬರುವುದು ಇಲ್ಲಿಯೇ.

ಓಬಳೇಶಿ ತನ್ನ ಕಂಕಣ ಬಿಚ್ಚಿಸಿ, ಎಂಜಿನ್ ತಣಿಯಲು ಬಿಟ್ಟು, ಕೊನೆಗೆ ನೀರಿನ ಡಬ್ಬ ತೆಗೆದು ಬಾನೆಟ್ಟಿನ ಮುಂದೆ ನಿಂತಿದ್ದಾಗ ಮೇವಿನ ಎತ್ತಿನ ಗಾಡಿಯೊಂದು ಬಂತು. ಅದರೊಳಗೆ ಶೆಟ್ಟಿ ಇದ್ದ. ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದು ನೋಡಲು ಹೋದಾಗ ಬಿಸಿನೀರು ಅವನ ಮುಖಕ್ಕೇ ಚಿಮ್ಮಿತ್ತು. ಮುಖಕ್ಕೆ ಹಾಕಲು ಅಲ್ಲಿ ಒಂದು ಬೊಗಸೆ ತಣ್ಣೀರಿರಲಿಲ್ಲ. ಚರ್ಮ ಕಿತ್ತುಬಂದಿತ್ತು. ಯಾರೋ ಹಿಡಿದು ಇಳಿಸಿದರು. ಅವನು ಕಣ್ಣು ಕಾಣದೆ, ಗುಡಿಯ ಕಡೆಗೆಂದು ಬೇರೆ ದಿಕ್ಕಿಗೆ ತಿರುಗಿ ನಿಂತು, "ಕಂಕಣ ನಾನೇ ಹರಿದಿದ್ದು. ಗೆದ್ದೋನು ಓಬಳೇಶಿ. ಅವನ್ನ ಮೋಸಗಾರ ಅಂದಿದ್ದು ನನ್ ತಪ್ಪು" ಎಂದ. ಆಮೇಲೆ, "ಯಾರಾದ್ರೂ ನೀರು ಕೊಡ್ರಪ್ಪ" ಎಂದ. ಓಬಳೇಶಿ ಬಯಸಿದ್ದ ಮಾತು ಎಲ್ಲರ ಎದುರಿಗೆ ಬಂದಿತ್ತು. ಅವನ ಕೈಯಲ್ಲಿ ತುಂಬಿದ ಡಬ್ಬ ಇತ್ತು.

ಶೆಟ್ಟಿಯ ಒಂದು ಕಣ್ಣು ಹೋಯಿತು. ಆ ರಸ್ತೆಯಲ್ಲಿ ಮತ್ತೆ ಪಂದ್ಯ ನಡೆಯಲಿಲ್ಲ. ಎಳೆದು ತಂದ ಡಾಜ್ ಗುಡಿಯ ಮಗ್ಗುಲಲ್ಲೇ ಉಳಿದು ಮಳೆಗಾಳಿಗೆ ಕರಗಿತು. ಗೆದ್ದವನು ಅದರ ಬೀಗದ ಕೈಯನ್ನು ಮುಟ್ಟಲಿಲ್ಲ. ಅವನು ತನ್ನ ಷೆವರ್ಲೆಯನ್ನೂ ಮಾರಿ, ಡಾಜಿನ ಬಾನೆಟ್ಟನ್ನೇ ಸೂರು ಮಾಡಿ ಅರವಟ್ಟಿಗೆ ಹಾಕಿದ. ದೂರದ ಬಾವಿಯಿಂದ ನೀರು ಹೊತ್ತು ತಂದು ಬರುವ ಗಾಡಿಗಳಿಗೆಲ್ಲ ಹಾಕತೊಡಗಿದ. ಜನ ಅದನ್ನಾದರೂ ನಂಬಿದರೇ? ಬಿಟ್ಟಿ ನೀರು ಯಾಕೆ ಕೊಡುತ್ತಾನೆ, ಅದರಲ್ಲಿ ಏನು ಬೆರೆಸಿದ್ದಾನೆ ಎಂದು ಕೇಳಿದರು. ಅದಕ್ಕೆ ಅವನು ಜಗಳಕ್ಕೆ ನಿಲ್ಲಲಿಲ್ಲ. ಬಂದ ಪ್ರತಿ ಗಾಡಿಯವನ ಎದುರಿಗೂ ಕೊಡದಿಂದ ಮೊದಲು ತಾನು ಒಂದು ಗುಟುಕು ಕುಡಿದು, ಅವನ ಮುಖ ನೋಡಿ, ಆಮೇಲೆ ರೇಡಿಯೇಟರಿಗೆ ಹುಯ್ಯುತ್ತಿದ್ದ. ಗುಡ್ಡಕ್ಕೆ ಈ ಹೆಸರು ಬಿದ್ದದ್ದು ಆಗಲೇ ಎನ್ನುತ್ತಾರೆ.

ಇಬ್ಬರಿಗೂ ತಲೆ ನರೆತ ಮೇಲೆ ಒಂದು ಮಧ್ಯಾಹ್ನ ವಿಠ್ಠಲಶೆಟ್ಟಿಯ ಜೀಪು ಬಂದು ನಿಂತಿತು. ಅವನೇ ಇಳಿದು ಬಾನೆಟ್ ಎತ್ತಿದ. ಓಬಳೇಶಿ ಕೊಡವನ್ನು ತನ್ನ ಬಾಯಿಯ ಹತ್ತಿರ ತಂದ. ಶೆಟ್ಟಿ ತನ್ನ ಅಂಗೈಯನ್ನು ಕೊಡದ ಬಾಯಿಗೆ ಅಡ್ಡ ಹಿಡಿದ. "ಕುಡೀಬ್ಯಾಡ ಓಬಳೇಶಿ, ಹುಯ್ಯಿ" ಎಂದ. ಓಬಳೇಶಿ ಹುಯ್ದ. ಕಣ್ಣೀರಿಗೆ ಏನೂ ಕಾಣದೆ ಅರ್ಧ ನೀರು ನೆಲಕ್ಕೆ ಹೋಯಿತಂತೆ.

ಓಬಳೇಶಿಯ ಕಾಲ ಮುಗಿದ ಮೇಲೆ ಅಲ್ಲಿ ಗಾದ್ರಯ್ಯನ ಮನೆಯವರು ನೀರು ಹಾಕುತ್ತಾರೆ. ಕೊಡ ಎತ್ತಿದವರು ಇವತ್ತಿಗೂ ಮೊದಲು ತಾವು ಒಂದು ಗುಟುಕು ಕುಡಿಯುತ್ತಾರೆ. ಕಾರಣ ಗೊತ್ತಿಲ್ಲದ ಲಾರಿಯವರು ಅದನ್ನು ಪದ್ಧತಿ ಎಂದುಕೊಳ್ಳುತ್ತಾರೆ. ಗೊತ್ತಿರುವವರು ಶೆಟ್ಟಿಯ ಮಾತನ್ನು ನೆನೆದು ತಲೆದೂಗುತ್ತಾರೆ. ಹೋದ ಬೇಸಿಗೆಯಲ್ಲಿ ನಾನು ಬಹಳ ಹೊತ್ತು ಅಲ್ಲಿ ಕೂತು ನೋಡಿದೆ. ಗಾಡಿಗಳು ಒಂದರ ಹಿಂದೊಂದು ಬಂದು ಹೋದವು. ಕತೆ ಎಲ್ಲರಿಗೂ ಇಷ್ಟ, ಆದರೆ ಕುಡೀಬ್ಯಾಡ ಎಂದು ಕೈ ಅಡ್ಡ ಹಿಡಿದವರು ಒಬ್ಬರೂ ಇಲ್ಲ. ಹೊರಡುವಾಗ ನನ್ನ ಗಾಡಿಗೂ ನೀರು ಬೇಕಾಯಿತು. ಕೊಡ ಎತ್ತಿದ ಹೆಂಗಸು ನನ್ನ ಮುಖ ನೋಡಿ ಒಂದು ಕ್ಷಣ ತಡೆದಳು. ನಾನು ಸುಮ್ಮನೆ ನಿಂತಿದ್ದೆ. ಅವಳು ಕುಡಿದಳು, ಆಮೇಲೆ ಹುಯ್ದಳು.