ಚೀನೀ ತಟ್ಟೆಯ ಪದ್ಯ

ದೇಸಾಯರ ವಾಡೆಯಲ್ಲಿ ಹಳೆಯದೊಂದು ಚೀನೀ ಪಿಂಗಾಣಿ ತಟ್ಟೆ ಇತ್ತು. ಅದರ ತುಂಬ ಬೆಟ್ಟ, ಹೊಳೆ, ಒಂದು ದೋಣಿ; ಪಕ್ಕದಲ್ಲಿ ಚೀನೀ ಅಕ್ಷರಗಳಲ್ಲಿ ನಾಲ್ಕು ಸಾಲು ಪದ್ಯ. ಮೂವತ್ತು ವರ್ಷ ಉಣಬಡಿಸಿದ ಶಿವಗಂಗವ್ವನ ಕೈ ಈಗ ನಡುಗುತ್ತಿತ್ತು. ತಟ್ಟೆ ಒಡೆದಾಳೆಂದು ದೇಸಾಯರು ಅವಳನ್ನು ನಿನ್ನೆ ಕೆಲಸದಿಂದ ಬಿಡಿಸಿದ್ದರು.

ಇವತ್ತು ಬೀಗರ ಮುಂದೆ, ವಾಡೆಯ ಲೆಕ್ಕ ಬರೆಯುವ ಕಾರಕೂನನಿಗೆ ಗುಡುಗಿದರು: "ಈ ಪದ್ಯ ಓದು. ಬರೂದಿಲ್ಲಂದ್ರ ನೀನೂ ಮನೀಗೆ ನಡಿ."

ಕಾರಕೂನ ತಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದ. "'ದೋಣಿ ಹತ್ತಿ ಹೋದಾಕಿಗೆ ಊಟ ಆತೇನವಾ ಅಂತ ಕೇಳಲಿಲ್ಲ. ಈಗ ಬರೇ ಬೆಟ್ಟ ನೋಡಕೋತ ಕುಂತೇನಿ.' ಹಿಂಗ ಬರದಾರ್ರಿ, ಧಣ್ಯಾರ."

ಬೀಗರು ತಲೆದೂಗಿದರು. ದೇಸಾಯರು ಎದ್ದು ಶಿವಗಂಗವ್ವನ ಮನೆಗೆ ಗಾಡಿ ಕಳಿಸಿದರು. ಗಾಡಿ ಖಾಲಿ ಬಂತು. ಅವಳು ಬೆಳಿಗ್ಗೆಯೇ ಊರು ಬಿಟ್ಟಿದ್ದಳು.

"ನಿನಗ ಚೀನೀ ಬರೂದಿಲ್ಲಂತ ನನಗ ಗೊತ್ತೈತಿ," ಎಂದರು ದೇಸಾಯರು. "ಆದ್ರ ಇದನ್ನ ನಿನ್ನೇನ ಯಾಕ ಓದಲಿಲ್ಲೋ?"